ಲೂಯಿಸ್ ಮತ್ತು ಹ್ಯಾರಿಸ್ ದ್ವೀಪದಲ್ಲಿ ಮೌನದ ಡೇರೆವಾಸ: ಕಲಬುರಗಿ, ಬೀದರ್, ಯಾದಗಿರಿ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದಲ್ಲಿ ಔಟರ್ ಹೆಬ್ರಿಡೀಸ್ ಎಂಬ ದ್ವೀಪಗಳ ಸಾಲಿದೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಲೂಯಿಸ್ ಮತ್ತು ಹ್ಯಾರಿಸ್. ಹೆಸರು ಎರಡಾದರೂ ನೆಲ ಒಂದೇ. ಬಡಗಣ ಭಾಗ ಲೂಯಿಸ್, ತೆಂಕಣ ಭಾಗ ಹ್ಯಾರಿಸ್. ಜನ ವಿರಳ, ಮರಗಳು ಇನ್ನೂ ವಿರಳ, ಗಾಳಿ ಮಾತ್ರ ಧಾರಾಳ. ಸದ್ದುಗದ್ದಲದಿಂದ ದೂರ ಸರಿದು ನಾಲ್ಕಾರು ದಿನ ತಮ್ಮೊಳಗೆ ತಾವು ಇರಬೇಕೆಂದು ಬಯಸುವವರಿಗೆ ಇದಕ್ಕಿಂತ ಒಪ್ಪುವ ತಾವು ಸಿಗುವುದು ಕಷ್ಟ. ಆದರೆ ಅಲ್ಲಿ ಹೋದ ಮಾತ್ರಕ್ಕೆ ಮೌನ ಸಿಗುವುದಿಲ್ಲ. ಒದ್ದೆಯಾದ ಹಾಸಿಗೆ, ಮುಗಿದುಹೋದ ಗ್ಯಾಸು, ತಪ್ಪಿಹೋಗುವ ಫೆರಿಯ ಚಿಂತೆ ಇವುಗಳಲ್ಲಿ ಯಾವುದಾದರೂ ಒಂದು ತಲೆಯಲ್ಲಿ ಕುಳಿತರೆ ಸಾಗರದ ಎದುರಿಗೆ ಕುಳಿತೂ ಪ್ರಯೋಜನವಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಮನೆಯಲ್ಲಿ ಮಾಡಬೇಕಾದ ತಯಾರಿಗೇ ಮೀಸಲಾಗಿದೆ. ಊರಲ್ಲಿ ಎಷ್ಟು ಕೆಲಸ ಮುಗಿಸುತ್ತೀರೋ ಅಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂರಬಹುದು.

ಮೊದಲ ಹಂತ: ತಿಂಗಳು ಆರಿಸುವುದು

ನನ್ನ ಸಲಹೆ ಮೇ ತಿಂಗಳ ಎರಡನೆಯ ಪಕ್ಷ, ಇಲ್ಲವೇ ಜೂನ್ ತಿಂಗಳ ಮೊದಲರ್ಧ. ನಮ್ಮಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿರುವ ಆ ದಿನಗಳಲ್ಲಿ ದ್ವೀಪದ ಮುಖ್ಯ ಪಟ್ಟಣವಾದ ಸ್ಟೋರ್ನೊವೇಯಲ್ಲಿ ಹಗಲಿಗೆ ಸುಮಾರು 12ರಿಂದ 15 ಡಿಗ್ರಿ, ರಾತ್ರಿ 6ರಿಂದ 9 ಡಿಗ್ರಿ ಇರುತ್ತದೆ. ವರ್ಷದಲ್ಲೇ ಮಳೆ ಕಡಿಮೆ ಇರುವ ಕಾಲವೂ ಅದೇ. ಸ್ಕಾಟ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಇನ್ನೂ ಬಿಟ್ಟಿರುವುದಿಲ್ಲವಾದ್ದರಿಂದ ಜನಸಂದಣಿ ಇರುವುದಿಲ್ಲ.

ಇನ್ನೊಂದು ಕಾರಣ ಮಿಡ್ಜ್ ಎಂಬ ಸಣ್ಣ ಕಚ್ಚುವ ನೊಣ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದಾದ ಈ ಹುಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂಡುಹಿಂಡಾಗಿ ಮುತ್ತುತ್ತದೆ. ಗಾಳಿಯಿಲ್ಲದ, ಮೋಡ ಕವಿದ ಸಂಜೆಯಲ್ಲಿ ಐದು ನಿಮಿಷ ಹೊರಗೆ ಕೂರಗೊಡುವುದಿಲ್ಲ. ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ಮೀರಿ ಗಾಳಿ ಬೀಸಿದರೆ ಅದು ಹಾರಲಾರದು. ಹಾಗಾಗಿ ಬಯಲಾದ ಕಡಲಂಚಿನಲ್ಲಿ ಅದರ ಕಾಟ ಕಡಿಮೆ, ಒಳನಾಡಿನ ಜೌಗಿನಲ್ಲಿ ಹೆಚ್ಚು. ಜೂನ್ ಮಧ್ಯದ ನಂತರ ಹೋಗುವುದಾದರೆ ತಲೆಗೆ ಹಾಕುವ ಸಣ್ಣ ಕಣ್ಣಿನ ಬಲೆಯನ್ನು ಮರೆಯಬಾರದು.

ಹಗಲಿನ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸ್ಟೋರ್ನೊವೇ ಇರುವುದು 58 ಡಿಗ್ರಿಯಲ್ಲಿ. ಜೂನ್ ಮೂರನೆಯ ವಾರದಲ್ಲಿ ಅಲ್ಲಿ ಬೆಳಗಿನ ನಾಲ್ಕೂವರೆಯೊಳಗೆ ಸೂರ್ಯ ಹುಟ್ಟಿ ರಾತ್ರಿ ಹತ್ತೂವರೆಯ ಹೊತ್ತಿಗೆ ಮುಳುಗುತ್ತಾನೆ. ನಡುವಿನ ಇರುಳೂ ಪೂರ್ತಿ ಕಪ್ಪಾಗುವುದಿಲ್ಲ. ಕಣ್ಣಿಗೆ ಕಟ್ಟುವ ಪಟ್ಟಿ ಇಲ್ಲದೆ ನಿದ್ದೆ ಬರುವುದು ಕಷ್ಟ. ಸೂರ್ಯನ ನೆಲೆ ನೋಡಿ ನಮಾಜು ಮಾಡುವವರು ಫಜರ್ ಮತ್ತು ಇಶಾ ವೇಳೆಗಳ ಬಗ್ಗೆ ಹೊರಡುವ ಮುನ್ನವೇ ತಮ್ಮ ಹಿರಿಯರನ್ನು ಕೇಳಿ ನಿಶ್ಚಯಿಸಿಕೊಂಡರೆ ಅಲ್ಲಿ ಗೊಂದಲವಾಗದು. ಇಷ್ಟಲಿಂಗ ಪೂಜೆ ಮಾಡುವವರಿಗೆ ಬೆಳಗಿನ ನಾಲ್ಕರಿಂದ ಏಳರವರೆಗಿನ ಹೊತ್ತು, ಗಾಳಿ ಇನ್ನೂ ಏಳದಿರುವಾಗ, ಬಹಳ ಅನುಕೂಲ.

ಎರಡನೆಯ ಹಂತ: ಕಾಗದಪತ್ರ ಮತ್ತು ದಾರಿ

ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಪ್ರಯಾಣದ ದಿನಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು; ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಬೆರಳಚ್ಚು ಕೊಡಲು ಬೆಂಗಳೂರಿಗೇ ಹೋಗಬೇಕಿಲ್ಲ, ಹೈದರಾಬಾದಿನಲ್ಲೂ ಅರ್ಜಿ ಕೇಂದ್ರವಿದೆ. ಅರ್ಜಿಯಲ್ಲಿ "ಡೇರೆಯಲ್ಲಿ ಇರುತ್ತೇವೆ" ಎಂದಷ್ಟೇ ಬರೆಯುವ ಬದಲು ಮೊದಲ ಮತ್ತು ಕೊನೆಯ ರಾತ್ರಿಗಳಿಗೆ ಕೋಣೆ ಕಾಯ್ದಿರಿಸಿ, ನಡುವಿನ ದಿನಗಳಲ್ಲಿ ಯಾವ ಊರಿನ ಯಾವ ಡೇರೆತಾಣ ಎಂದು ಸ್ಪಷ್ಟವಾಗಿ ನಮೂದಿಸುವುದು ಲೇಸು. ಪ್ರಯಾಣ ವಿಮೆ ಮಾಡಿಸುವಾಗ ಡೇರೆವಾಸ ಮತ್ತು ಕಾಲ್ನಡಿಗೆ ಅದರೊಳಗೆ ಬರುತ್ತವೆಯೇ ಎಂದು ಓದಿ ನೋಡಿ.

ದಾರಿ ಉದ್ದವಾದರೂ ಜಟಿಲವಲ್ಲ. ಕಲಬುರಗಿ, ಯಾದಗಿರಿಯವರು ರೈಲಿನಲ್ಲಿ, ಬೀದರಿನವರು ರಸ್ತೆಯಲ್ಲಿ ಹೈದರಾಬಾದ್ ತಲುಪಿ ಅಲ್ಲಿಂದ ಲಂಡನ್ನಿಗೆ ಹಾರಬೇಕು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರಾತ್ರಿ ಹೊರಡುವ ಕ್ಯಾಲೆಡೋನಿಯನ್ ಸ್ಲೀಪರ್ ರೈಲು ಬೆಳಿಗ್ಗೆ ಇನ್ವರ್ನೆಸ್ ಮುಟ್ಟಿಸುತ್ತದೆ. ಇನ್ವರ್ನೆಸ್‌ನಿಂದ ಬಸ್ಸು ಹಿಡಿದರೆ ಒಂದೂವರೆ ತಾಸಿನಲ್ಲಿ ಅಲ್ಲಪೂಲ್ ಎಂಬ ಬಂದರು, ಅಲ್ಲಿಂದ ಕ್ಯಾಲ್‌ಮ್ಯಾಕ್ ಸಂಸ್ಥೆಯ ಫೆರಿಯಲ್ಲಿ ಎರಡೂಮುಕ್ಕಾಲು ತಾಸಿಗೆ ಸ್ಟೋರ್ನೊವೇ. ಇನ್ವರ್ನೆಸ್‌ನಿಂದ ದ್ವೀಪಕ್ಕೆ ಚಿಕ್ಕ ವಿಮಾನವೂ ಇದೆ, ಆದರೆ ನಾನು ಫೆರಿಯನ್ನೇ ಹೇಳುತ್ತೇನೆ. ಒಲೆಯ ಗ್ಯಾಸ್ ಡಬ್ಬಿಯನ್ನು ಯಾವ ವಿಮಾನದಲ್ಲಿಯೂ, ಯಾವ ಚೀಲದಲ್ಲಿಯೂ ಒಯ್ಯುವಂತಿಲ್ಲ; ಇನ್ವರ್ನೆಸ್‌ನಲ್ಲಿ ಕೊಂಡು ನೆಲದ ದಾರಿಯಲ್ಲಿ ಹೋದರೆ ಈ ತೊಡಕು ಇರುವುದಿಲ್ಲ.

ಬಿರುಗಾಳಿ ಎದ್ದರೆ, ಯಂತ್ರ ಕೆಟ್ಟರೆ ಫೆರಿ ರದ್ದಾಗುತ್ತದೆ. ಮರಳುವಾಗ ದ್ವೀಪದಿಂದ ಹೊರಡುವ ದಿನಕ್ಕೂ ಲಂಡನ್ನಿನ ವಿಮಾನಕ್ಕೂ ನಡುವೆ ಎರಡು ದಿನ ಖಾಲಿ ಇಡಲೇಬೇಕು. ಆ ಎರಡು ದಿನದ ಖರ್ಚು ಹೆಚ್ಚೆನಿಸಬಹುದು, ಆದರೆ ಕೊನೆಯ ಮೂರು ರಾತ್ರಿ ನೆಮ್ಮದಿಯಿಂದ ಮಲಗುವುದು ಅದರಿಂದಲೇ ಸಾಧ್ಯ.

ಮೂರನೆಯ ಹಂತ: ಊರಲ್ಲೇ ಅಭ್ಯಾಸ

ಡೇರೆಯನ್ನು ಮೊದಲ ಬಾರಿಗೆ ದ್ವೀಪದಲ್ಲಿ ಬಿಚ್ಚುವವರು ತೊಂದರೆಯನ್ನು ಕರೆದು ಕೂರಿಸಿಕೊಂಡಂತೆ. ನಮ್ಮ ಸೀಮೆಯಲ್ಲಿ ಗಾಳಿಯ ಪಾಠ ಕಲಿಯಲು ಆಷಾಢ ಮಾಸವಿದೆ. ಹಿಂದಿನ ವರ್ಷದ ಆಷಾಢದಲ್ಲಿ, ಮಾಳಿಗೆಯ ಮೇಲಲ್ಲ, ಬಯಲು ಹೊಲದಲ್ಲಿ, ಒಬ್ಬರೇ ಡೇರೆ ಕಟ್ಟುವುದನ್ನು ರೂಢಿಸಿಕೊಳ್ಳಿ. ಮೊದಲು ಗಾಳಿ ಬರುವ ಕಡೆಯ ಎರಡು ಗೂಟ ಬಡಿದು, ಆಮೇಲೆ ಉಳಿದದ್ದನ್ನು ಬಿಚ್ಚಬೇಕು. ಬಟ್ಟೆಯನ್ನೆಲ್ಲ ಹರಡಿ ಗೂಟ ಹುಡುಕಲು ಕುಳಿತರೆ ಡೇರೆ ಹಾರಿಹೋಗುತ್ತದೆ. ಡೇರೆಯ ಕಿರಿದಾದ, ತಗ್ಗಾದ ತುದಿ ಗಾಳಿಗೆ ಎದುರಾಗಿರಲಿ, ಬಾಗಿಲು ಗಾಳಿಗೆ ಬೆನ್ನಾಗಿರಲಿ. ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿದಂತೆ ಓರೆಯಾಗಿ ಬಡಿಯಬೇಕು, ಆಗ ಹಗ್ಗ ಎಳೆದಷ್ಟೂ ಅದು ಬಿಗಿಯುತ್ತದೆ.

ಒಣಗಿದ ಎರಿ ನೆಲದಲ್ಲಿ ಗೂಟ ಇಳಿಸುವುದೇ ಕಷ್ಟ, ಇಳಿದ ಮೇಲೆ ಅಲುಗುವುದಿಲ್ಲ. ದ್ವೀಪದ ಮರಳು ಇದಕ್ಕೆ ತದ್ವಿರುದ್ಧ. ಅಲ್ಲಿ ಗೇಣುದ್ದದ ತೆಳು ಗೂಟ ಬೆಣ್ಣೆಯಲ್ಲಿ ಇಳಿದಂತೆ ಇಳಿದು ಹಾಗೆಯೇ ಕಿತ್ತು ಬರುತ್ತದೆ. ಆದ್ದರಿಂದ ಅಗಲವಾದ ಮರಳುಗೂಟಗಳನ್ನು ಕೊಳ್ಳಿ, ಜೊತೆಗೆ ನಾಲ್ಕು ಗಟ್ಟಿ ಬಟ್ಟೆಯ ಸಣ್ಣ ಚೀಲ ಇಟ್ಟುಕೊಳ್ಳಿ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಮೊಳ ಆಳದಲ್ಲಿ ಹೂತು ಮೇಲೆ ತುಳಿದರೆ ಯಾವ ಗೂಟವೂ ಕೊಡದ ಹಿಡಿತ ಸಿಗುತ್ತದೆ. ಇದನ್ನು ಭೀಮಾ ನದಿಯ ಮರಳ ದಂಡೆಯಲ್ಲಿ ಬೇಸಿಗೆಯಲ್ಲಿ ಅಭ್ಯಾಸ ಮಾಡಬಹುದು.

ಚಳಿಯಲ್ಲಿ ಮಲಗುವ ಅಭ್ಯಾಸಕ್ಕೆ ಮಾಗಿಯ ಕಾಲದಲ್ಲಿ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಪ್ರದೇಶ ಒಳ್ಳೆಯದು. ಅದು ವನ್ಯಜೀವಿಧಾಮದ ಭಾಗವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಅಲ್ಲಿ ಒಂದು ರಾತ್ರಿ ಕಳೆದರೆ ಮೈಕೆಳಗಿನ ಹಾಸಿಗೆ ಹೊದಿಕೆಯಷ್ಟೇ ಮುಖ್ಯ ಎಂಬುದು ಅರಿವಿಗೆ ಬರುತ್ತದೆ, ಏಕೆಂದರೆ ಚಳಿ ಏರುವುದು ನೆಲದಿಂದ. ದ್ವೀಪಕ್ಕೆ ಸೊನ್ನೆ ಡಿಗ್ರಿಯ ಆಸುಪಾಸಿನವರೆಗೆ ಬೆಚ್ಚಗಿಡುವ ಸ್ಲೀಪಿಂಗ್ ಬ್ಯಾಗ್, ಶಾಖನಿರೋಧಕ ಗಾಳಿಹಾಸಿಗೆ, ಮಳೆಯ ಮೇಲಂಗಿ ಮತ್ತು ಮಳೆಯ ಪ್ಯಾಂಟು, ಉಣ್ಣೆಯ ಒಳ ಅಂಗಿ ಬೇಕು. ಹತ್ತಿ ಬಟ್ಟೆ ನಮ್ಮ ಬಿಸಿಲಿಗೆ ಹೇಳಿಮಾಡಿಸಿದ್ದು, ಅಲ್ಲಿಗಲ್ಲ. ಒಮ್ಮೆ ನೆನೆದರೆ ದಿನವಿಡೀ ಒಣಗುವುದಿಲ್ಲ.

ನಾಲ್ಕನೆಯ ಹಂತ: ಬುತ್ತಿ

ಡೇರೆವಾಸಕ್ಕೆ ನಮ್ಮ ಭಾಗದ ಅಡುಗೆಮನೆಯಷ್ಟು ಸಿದ್ಧವಾದ ಅಡುಗೆಮನೆ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಜೋಳದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಗುರ, ಬೆಂಕಿ ಬೇಡ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇವು ಮೂರರಲ್ಲಿಯೂ ಎಣ್ಣೆಯಂಶ ಸಾಕಷ್ಟಿರುವುದರಿಂದ ಚಳಿಯಲ್ಲಿ ಮೈಗೆ ಬಲ ಬರುತ್ತದೆ. ಒಂದು ತೊಂದರೆ ಎಂದರೆ ಕಡಲ ತೇವಕ್ಕೆ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಆಯಾ ದಿನಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಎಲ್ಲವನ್ನೂ ಬಿಗಿ ಮುಚ್ಚಳದ ಚಪ್ಪಟೆ ಡಬ್ಬಿಯಲ್ಲಿ ಇಟ್ಟರೆ ಪುಡಿಯೂ ಆಗದು, ಮೆತ್ತಗೂ ಆಗದು. ಮೆತ್ತಗಾದರೆ ಪಾತ್ರೆಯ ಮುಚ್ಚಳದ ಮೇಲಿಟ್ಟು ಸಣ್ಣ ಉರಿಯಲ್ಲಿ ಅರೆನಿಮಿಷ ಕಾಯಿಸಿದರೆ ಮತ್ತೆ ಗರಿಗರಿಯಾಗುತ್ತದೆ.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ನಮಗೆಲ್ಲ ಅಭಿಮಾನದ ಸಂಗತಿಯೇ, ಆದರೂ ಡೇರೆಗೆ ಅದನ್ನು ಒಯ್ಯಬೇಡಿ. ಕುಕ್ಕರಿಲ್ಲದೆ, ಗಾಳಿಗೆ ತೂಗಾಡುವ ಉರಿಯಲ್ಲಿ ತೊಗರಿ ಬೇಯುವಷ್ಟರಲ್ಲಿ ಅರ್ಧ ಗ್ಯಾಸು ಖಾಲಿಯಾಗುತ್ತದೆ. ಹುರಿದು ತರಿಯಾಗಿ ಬೀಸಿದ ಹೆಸರುಬೇಳೆ ಮತ್ತು ಅಕ್ಕಿಯ ಪುಡಿಗೆ ಜೀರಿಗೆ, ಅರಿಶಿಣ, ಉಪ್ಪು ಬೆರೆಸಿ ಒಯ್ದರೆ ಹತ್ತು ನಿಮಿಷದಲ್ಲಿ ಬಿಸಿ ಗಂಜಿ. ಮಧ್ಯಾಹ್ನಕ್ಕೆ ನೆನೆಸಿದ ಅವಲಕ್ಕಿ, ಚುರುಮುರಿ, ಪುಟಾಣಿ. ಬಾಯಿ ಸಿಹಿಗೆ ಬೆಲ್ಲ ಮತ್ತು ಶೇಂಗಾ ಹೋಳಿಗೆ. ತುಪ್ಪ, ಪೇಢಾ, ಹಾಲಿನ ಪುಡಿ, ಮಾಂಸ ಇವನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವುದಕ್ಕೆ ನಿಷೇಧವಿದೆ. ಹಸಿ ಹಣ್ಣು, ತರಕಾರಿಗೂ ನಿರ್ಬಂಧಗಳಿವೆ. ಚಹಾಕ್ಕೆ ಬೇಕಾದ ಹಾಲಿನ ಪುಡಿಯನ್ನು ಸ್ಟೋರ್ನೊವೇಯಲ್ಲೇ ಕೊಳ್ಳಿ.

ಇಬ್ಬರಿಗೆ ನಾಲ್ಕೈದು ದಿನಕ್ಕೆ 230 ಗ್ರಾಂ ಗ್ಯಾಸಿನ ಒಂದು ಡಬ್ಬಿ, ಮೇಲೊಂದು ಚಿಕ್ಕ ಡಬ್ಬಿ ಇದ್ದರೆ ಸಾಕು. ಮಳೆ ಎಷ್ಟೇ ಸುರಿಯಲಿ, ಡೇರೆಯ ಒಳಗೆ ಒಲೆ ಹಚ್ಚಬಾರದು. ಬೆಂಕಿಯ ಭಯ ಒಂದು ಕಡೆಯಾದರೆ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಮಲಗಿದಲ್ಲೇ ಪ್ರಾಣ ತೆಗೆಯುತ್ತದೆ.

ಐದನೆಯ ಹಂತ: ನೆಲ ಆರಿಸುವುದು

ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಎಲ್ಲರಿಗೂ ಬಹುತೇಕ ಬಯಲು ನೆಲದಲ್ಲಿ ಓಡಾಡುವ, ಹಗುರ ಡೇರೆ ಹಾಕಿ ತಂಗುವ ಹಕ್ಕನ್ನು ಕೊಟ್ಟಿದೆ. ಹಕ್ಕಿನ ಜೊತೆಗೆ ಹೊಣೆಯೂ ಇದೆ. ಕಡಿಮೆ ಜನ ಇರಬೇಕು, ಒಂದು ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚು ಇರಬಾರದು, ಬೆಳೆ ಅಥವಾ ದನಕುರಿಗಳಿರುವ ಬೇಲಿಯೊಳಗಿನ ಹೊಲಗಳಲ್ಲಿ, ಮನೆಗಳ, ರಸ್ತೆಗಳ, ಪ್ರಾಚೀನ ಸ್ಮಾರಕಗಳ ಹತ್ತಿರ ಡೇರೆ ಹಾಕಬಾರದು. ಬಾಗಿಲುಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ.

ಮೊದಲ ಸಲ ಹೋಗುವವರು ಸ್ಥಳೀಯ ಸಮುದಾಯಗಳೇ ನಡೆಸುವ ಸಾದಾ ಡೇರೆತಾಣಗಳಿಂದ ಆರಂಭಿಸುವುದು ಉತ್ತಮ. ಹ್ಯಾರಿಸ್‌ನ ಪಶ್ಚಿಮ ದಂಡೆಯಲ್ಲಿ ಹೋರ್ಗಾಬೋಸ್ಟ್, ಲೂಯಿಸ್‌ನ ಪಶ್ಚಿಮದಲ್ಲಿ ಆರ್ಡ್ರೊಯಿಲ್ ಅಂಥವು. ಆರ್ಡ್ರೊಯಿಲ್ ಇರುವ ಊಯಿಗ್ ಕೊಲ್ಲಿಯ ಮರಳಿನಲ್ಲಿಯೇ 1831ರ ಹೊತ್ತಿಗೆ ವಾಲ್ರಸ್ ದಂತದಲ್ಲಿ ಕೆತ್ತಿದ ಮಧ್ಯಯುಗದ ಪ್ರಸಿದ್ಧ ಚದುರಂಗದ ಕಾಯಿಗಳು ಸಿಕ್ಕವು. ಚಿಲ್ಲರೆ ಪೌಂಡು ಕೈಯಲ್ಲಿರಲಿ, ಕೆಲವು ಕಡೆ ಪೆಟ್ಟಿಗೆಗೆ ಹಣ ಹಾಕಿ ನಂಬಿಕೆಯ ಮೇಲೆ ತಂಗುವ ಪದ್ಧತಿಯಿದೆ.

ಪಶ್ಚಿಮ ದಂಡೆಯ ಉದ್ದಕ್ಕೂ ಮಾಖರ್ ಎಂಬ ಹುಲ್ಲುಬಯಲು ಇದೆ. ಸಾವಿರಾರು ವರ್ಷಗಳಿಂದ ಚಿಪ್ಪಿನ ಪುಡಿ ಗಾಳಿಗೆ ಹಾರಿ ಬಂದು ಕೂತು ಆದ ನೆಲ ಅದು. ಜೂನ್, ಜುಲೈನಲ್ಲಿ ಹೂವಿನಿಂದ ತುಂಬಿರುತ್ತದೆ. ಟಿಟ್ಟಿಭ ಜಾತಿಯ ಲ್ಯಾಪ್‌ವಿಂಗ್, ಆರ್ಕ್ಟಿಕ್ ಟರ್ನ್ ಮುಂತಾದ ಹಕ್ಕಿಗಳು ಬರಿ ನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ ಇಲ್ಲಿ ಹೆಜ್ಜೆ ನೋಡಿ ಇಡಬೇಕು. ನಿಮ್ಮ ತಲೆಯ ಮೇಲೆ ಹಕ್ಕಿ ಕೂಗುತ್ತಾ ಸುತ್ತತೊಡಗಿದರೆ ಗೂಡು ಹತ್ತಿರದಲ್ಲಿದೆ ಎಂದೇ ಅರ್ಥ, ಕೂಡಲೇ ಬೇರೆ ಜಾಗ ಹುಡುಕಿ. ಒಳನಾಡಿನ ಕಪ್ಪು ಪೀಟ್ ನೆಲದಲ್ಲಿ, ಅಂದರೆ ಜೌಗಿನಲ್ಲಿ ಅರೆಕೊಳೆತ ಗಿಡಗಂಟಿ ಪದರಪದರವಾಗಿ ಕೂತು ಆದ ಮಣ್ಣಿನಲ್ಲಿ, ಕಟ್ಟಿಗೆಯ ಬೆಂಕಿ ಹಾಕಲೇಬಾರದು. ಆ ನೆಲವೇ ಉರುವಲು, ಮೇಲೆ ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹೊಗೆಯಾಡುತ್ತದೆ.

ಆರನೆಯ ಹಂತ: ಸಮುದ್ರವನ್ನು ಓದುವುದು

ಈ ಒಂದು ವಿಷಯದಲ್ಲಿ ಒಳನಾಡಿನವರಾದ ನಮಗೆ ಹೆಚ್ಚಿನ ಎಚ್ಚರ ಬೇಕು. ಕೆರೆಯಂಚು, ಹೊಳೆಯಂಚು ಇದ್ದಲ್ಲೇ ಇರುತ್ತದೆ. ಕಡಲಂಚು ದಿನಕ್ಕೆ ಎರಡು ಸಲ ಮೇಲೇರಿ ಎರಡು ಸಲ ಹಿಂದೆ ಸರಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು ಹನ್ನೆರಡು ತಾಸು 25 ನಿಮಿಷದ ಅಂತರ. ಹ್ಯಾರಿಸ್‌ನ ಲಸ್ಕೆನ್‌ಟೈರ್‌ನಂಥ ವಿಶಾಲವಾದ ಮರಳ ಬಯಲುಗಳಲ್ಲಿ ಇಳಿತದ ಹೊತ್ತಿಗೆ ಮೈಲಿಗಟ್ಟಲೆ ನಡೆಯಬಹುದೆನಿಸುತ್ತದೆ. ಉಬ್ಬರ ಶುರುವಾದಾಗ ನೀರು ಎದುರಿನಿಂದಷ್ಟೇ ಬರುವುದಿಲ್ಲ, ಹಿಂದಿನ ತಗ್ಗು ಕಾಲುವೆಗಳಲ್ಲಿ ಮೊದಲು ತುಂಬಿ ದಾರಿ ಕಟ್ಟಿಬಿಡುತ್ತದೆ.

ನಮ್ಮ ಮನೆಗಳ ಪಂಚಾಂಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯಾದ ಒಂದೆರಡು ದಿನಕ್ಕೆ ಉಬ್ಬರ ಅತಿ ಎತ್ತರ, ಇಳಿತ ಅತಿ ತಗ್ಗು. ಸ್ಟೋರ್ನೊವೇಯಲ್ಲಿ ಆಗ ಎರಡರ ನಡುವೆ ಸುಮಾರು ನಾಲ್ಕು ಮೀಟರ್ ವ್ಯತ್ಯಾಸವಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸೌಮ್ಯ. ಆದರೂ ಗಂಟೆ ತಿಳಿಯಲು ಆ ಊರಿನ ಉಬ್ಬರದ ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ದಂಡೆಯಲ್ಲಿ ಕೊಚ್ಚಿ ಬಂದ ಪಾಚಿ, ಕಡ್ಡಿಗಳ ಗೆರೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಿ, ಅದಕ್ಕಿಂತ ಸಾಕಷ್ಟು ಮೇಲೆ ಡೇರೆ ಹಾಕಿ. ಮರಳ ಮೇಲೆ ದೂರ ನಡೆಯುವುದಾದರೆ ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಟು, ಪೂರ್ಣ ಇಳಿತದ ಹೊತ್ತಿಗೆ ಹಿಂದಿರುಗಲು ಶುರುಮಾಡಿ.

ಕುಡಿಯುವ ನೀರನ್ನು ಹರಿಯುವ ತೊರೆಯಿಂದ ತಂದು ಕುದಿಸಿಯೇ ಕುಡಿಯಬೇಕು, ಮೇಲ್ಗಡೆ ಕುರಿಗಳು ಇದ್ದೇ ಇರುತ್ತವೆ. ಚಹಾದ ಬಣ್ಣದ ನೀರು ಕಂಡು ಗಾಬರಿಯಾಗುವುದು ಬೇಡ, ಅದು ಪೀಟ್‌ನ ಬಣ್ಣ. ಮೂತ್ರಕ್ಕೆ ನೀರಿನಿಂದ ಕನಿಷ್ಠ 30 ಮೀಟರ್ ದೂರ ಹೋಗಬೇಕು. ಬಹಿರ್ದೆಸೆಗೆ ಇನ್ನೂ ದೂರ ಹೋಗಿ ಗುಂಡಿ ತೋಡಿ ಮುಚ್ಚಬೇಕು. ಸಂಜೆ ಮೈಮೇಲೆ ಉಣ್ಣಿ ಹತ್ತಿದೆಯೇ ಎಂದು ನೋಡಿಕೊಳ್ಳಿ, ಅಲ್ಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರಬಹುದು. ಅಪಾಯವಾದರೆ 999 ಅಥವಾ 112ಕ್ಕೆ ಕರೆ ಮಾಡಿ, ಕಡಲಲ್ಲಾದರೆ ಕೋಸ್ಟ್‌ಗಾರ್ಡ್ ಎಂದು ಕೇಳಿ. ಮೊಬೈಲ್ ಸಿಗ್ನಲ್ ಹಲವೆಡೆ ಇರುವುದಿಲ್ಲವಾದ್ದರಿಂದ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಕಾಗದದ ನಕ್ಷೆಯನ್ನು ಒಯ್ಯಿರಿ, ಎಲ್ಲಿರುತ್ತೀರಿ, ಎಂದು ಮರಳುತ್ತೀರಿ ಎಂಬುದನ್ನು ಯಾರಿಗಾದರೂ ತಿಳಿಸಿಡಿ.

ಏಳನೆಯ ಹಂತ: ಸುಮ್ಮನಿರುವುದು

ಆರು ದಿನವಿದ್ದರೆ ಎರಡೇ ಜಾಗ ಸಾಕು, ಒಂದೊಂದರಲ್ಲಿ ಮೂರು ರಾತ್ರಿ. ದಿನಕ್ಕೊಂದು ದಂಡೆ ನೋಡುವ ಆಸೆಯನ್ನು ಮನಸ್ಸಿನಿಂದ ತೆಗೆದುಹಾಕಿ. ಡೇರೆ ಕಿತ್ತು ಕಟ್ಟುವುದರಲ್ಲೇ ಹೊತ್ತು ಹೋಗಿ ಕಂಡದ್ದು ಯಾವುದೂ ಒಳಗೆ ಇಳಿಯುವುದಿಲ್ಲ. ಜೊತೆಗೆ ಒಬ್ಬರಿರಲಿ, ಮೂವರು ನಾಲ್ವರಾದರೆ ಹರಟೆ ತಾನಾಗಿ ಹುಟ್ಟುತ್ತದೆ. ಬೆಳಿಗ್ಗೆ ಎದ್ದಾಗಿನಿಂದ ಮೊದಲ ಚಹಾದವರೆಗೆ ಇಬ್ಬರೂ ಮಾತಾಡಬಾರದು ಎಂದು ಮೊದಲೇ ಒಪ್ಪಿಕೊಳ್ಳಿ. ಫೋನನ್ನು ಹವಾಮಾನ ನೋಡಲು ಸಂಜೆ ಒಮ್ಮೆ ತೆರೆದು ಮತ್ತೆ ಆರಿಸಿಡಿ. ಒಂದು ಪುಸ್ತಕ, ಒಂದು ನೋಟುಬುಕ್ಕು, ಒಂದು ಪೆನ್ಸಿಲ್ ಸಾಕು. ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ.

ಮೊದಲ ದಿನ ಬೇಸರವಾಗುವುದು ಸಹಜ. ಕೈಗೆ ಕೆಲಸವಿಲ್ಲ, ಹೊತ್ತು ಮುಳುಗುವುದಿಲ್ಲ. ಆಗ ಎದ್ದು ಎಲ್ಲಿಗೋ ಹೊರಡುವ ಬದಲು ನೀರಿನಂಚಿನಲ್ಲಿ ಒಂದು ಕಲ್ಲು ಗುರುತಿಟ್ಟು, ಉಬ್ಬರ ಅದನ್ನು ಮುಟ್ಟಿ, ಮುಳುಗಿಸಿ, ಮತ್ತೆ ಬಿಟ್ಟುಕೊಡುವವರೆಗೆ ನೋಡುತ್ತಾ ಕೂರಿ. ಐದಾರು ತಾಸು ಹಿಡಿಯುವ ಈ ಕೆಲಸ ಮುಗಿಯುವಷ್ಟರಲ್ಲಿ ಮನಸ್ಸಿನ ಓಟ ತಗ್ಗಿರುತ್ತದೆ. ಕಾಲಕೆಳಗಿನ ಆ ಬೂದು ಪಟ್ಟೆಯ ಲೂಯಿಸಿಯನ್ ನೈಸ್ ಶಿಲೆಗೆ 300 ಕೋಟಿ ವರ್ಷದವರೆಗೆ ವಯಸ್ಸು ಎಂಬುದನ್ನು ತಿಳಿದು ಕುಳಿತರೆ ನಮ್ಮ ಅವಸರದ ಅಳತೆ ತಾನೇ ಗೊತ್ತಾಗುತ್ತದೆ.

ನಡುವೆ ಒಂದು ದಿನ ಲೂಯಿಸ್‌ನ ಕ್ಯಾಲನಿಷ್‌ಗೆ ಹೋಗಿ ಬನ್ನಿ. ಕ್ರಿಸ್ತಪೂರ್ವ 2900ರ ಸುಮಾರಿಗೆ ನಿಲ್ಲಿಸಿದ 13 ಕಲ್ಲುಗಳ ವೃತ್ತ, ನಡುವೆ 4.8 ಮೀಟರ್ ಎತ್ತರದ ಒಂಟಿ ಕಲ್ಲು, ಅಲ್ಲಿಂದ ಹೊರಡುವ ಕಲ್ಲಿನ ಸಾಲುಗಳು. ಅಲ್ಲಿ ನಿಂತು ದಕ್ಷಿಣದ ಬೆಟ್ಟಸಾಲನ್ನು ನೋಡಿದರೆ ಮಲಗಿದ ಹೆಂಗಸಿನ ಆಕಾರ ಕಾಣುತ್ತದೆ, 18.6 ವರ್ಷಕ್ಕೊಮ್ಮೆ ಚಂದ್ರ ಆ ಬೆಟ್ಟವನ್ನು ಸವರಿದಂತೆ ತಗ್ಗಿನಲ್ಲಿ ಸಾಗುತ್ತಾನೆ. ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟವನ್ನೂ ಅಲ್ಲೇ ಸಮೀಪದ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ಸಾಲುಸಾಲಾಗಿ ಇಟ್ಟ ಗುಂಡುಗಳನ್ನೂ ನೋಡಿದವರಿಗೆ ಈ ನೋಟ ಅಪರಿಚಿತವೆನಿಸದು. ಹೊರಡುವ ಮುನ್ನ ಒಂದು ಸಂಜೆ ವಿಭೂತಿಹಳ್ಳಿಯಲ್ಲಿ ಕಳೆದು ಹೋಗಿ ಎಂದು ನಾನು ಒತ್ತಿ ಹೇಳುತ್ತೇನೆ, ಕಲ್ಲುಗಳ ನಡುವೆ ಮಾತಿಲ್ಲದೆ ನಡೆಯುವುದನ್ನು ಅಲ್ಲಿಯೇ ಕಲಿಯಬಹುದು.

ಭಾನುವಾರಕ್ಕೆ ಯಾವ ಯೋಜನೆಯೂ ಬೇಡ. ದ್ವೀಪದ ಜನ ಆ ದಿನವನ್ನು ಪ್ರಾರ್ಥನೆಗೆ, ವಿಶ್ರಾಂತಿಗೆ ಮೀಸಲಿಡುತ್ತಾರೆ. ಬಸ್ಸು ಓಡುವುದಿಲ್ಲ, ಬಹುತೇಕ ಅಂಗಡಿಗಳು ತೆರೆಯುವುದಿಲ್ಲ; ಸ್ಟೋರ್ನೊವೇಯಿಂದ ಭಾನುವಾರದ ಫೆರಿ ಆರಂಭವಾದದ್ದೇ 2009ರಲ್ಲಿ. ಬೇಕಾದದ್ದನ್ನು ಶನಿವಾರವೇ ಕೊಂಡಿಟ್ಟು, ಆ ದಿನ ಮನೆಗಳ ಹತ್ತಿರ ಬಟ್ಟೆ ಒಣಹಾಕುವುದು, ಗಟ್ಟಿಯಾಗಿ ಮಾತಾಡುವುದನ್ನು ಬಿಟ್ಟು, ಅವರ ನೆಮ್ಮದಿಯಲ್ಲಿ ನಾವೂ ಪಾಲು ಪಡೆಯಬೇಕು.

ಕೊನೆಯ ಹಂತ: ಡೇರೆ ಕೀಳುವುದು

ಹೊರಡುವ ದಿನ ಗಾಳಿ ಬರುವ ಕಡೆಯ ಗೂಟಗಳನ್ನು ಕಡೆಗೆ ಕೀಳಿ. ಹೂತ ಚೀಲಗಳನ್ನು ತೆಗೆದು ಮರಳು ಸಮ ಮಾಡಿ, ಕಿತ್ತ ಹುಲ್ಲಿನ ಹೆಂಟೆಯನ್ನು ಇದ್ದಲ್ಲೇ ಕೂರಿಸಿ ತುಳಿಯಿರಿ. ಗೂಟಗಳನ್ನು ಎಣಿಸಿ ನೋಡಿ, ಹುಲ್ಲಿನಲ್ಲಿ ಉಳಿದ ಒಂದು ಗೂಟ ಕುರಿಯ ಗೊರಸಿಗೆ ನಾಟಬಹುದು. ನಿಮ್ಮ ಕಸದ ಜೊತೆ ದಂಡೆಗೆ ಬಂದ ಪ್ಲಾಸ್ಟಿಕ್ಕನ್ನೂ ಒಂದು ಚೀಲದಷ್ಟು ಆಯ್ದು ಒಯ್ಯಿರಿ. ಡೇರೆ ಒದ್ದೆಯಿದ್ದರೆ ಹಾಗೇ ಸುತ್ತಿಕೊಂಡು, ಇನ್ವರ್ನೆಸ್‌ನ ಕೋಣೆಯಲ್ಲಿ ಒಮ್ಮೆ ಹರಡಿ, ಊರಿಗೆ ಬಂದ ಮೇಲೆ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಬಿಸಿಲಲ್ಲಲ್ಲ, ನೆರಳಲ್ಲಿ ಒಣಗಿಸಿ ಮಡಿಚಿಡಿ. ನಮ್ಮ ಬಿಸಿಲಿಗೆ ಆ ಬಟ್ಟೆಯ ಮಳೆ ತಡೆಯುವ ಲೇಪ ಬೇಗ ಹಾಳಾಗುತ್ತದೆ.